ಚಿಮಣಿ ದಾಟಿದ ಪಾದರಸ

ಕಲಬುರಗಿಯ ಗಾಳಿ ಎಂದರೆ ದೂಳಿನ ಮಾತು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆ ಈ ಊರು ಸೇರಿದ್ದೂ ದೂಳಿನಿಂದಲೇ. ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಪಾದರಸದ ಆವಿಯ ಬಗ್ಗೆ ಮಾತಿಲ್ಲ. ಜಿಲ್ಲೆಯ ಉದ್ಯಮ ನೋಡಿದರೆ ಮಾತು ಬರಲೇಬೇಕು.

ಭೀಮಾ, ಕಾಗಿಣಾ ಸೀಮೆಯ ಸುಣ್ಣದ ಕಲ್ಲು ಮೊದಲು ಶಹಾಬಾದಿ ಫರಸಿಯಾಗಿ ಮನೆಮನೆಯ ನೆಲಕ್ಕೆ ಬಂತು. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1960ರ ದಶಕದಲ್ಲಿ ವಾಡಿ, 1980ರ ದಶಕದಲ್ಲಿ ಸೇಡಂ ಮತ್ತು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ. ಸುಣ್ಣದ ಕಲ್ಲಲ್ಲೂ ಸಿಮೆಂಟ್ ಕುಲುಮೆ ಉರಿಸುವ ಕಲ್ಲಿದ್ದಲಲ್ಲೂ ಇರುವ ಪಾದರಸ ಅತ್ಯಲ್ಪ; ಆದರೆ ಕುಲುಮೆಗೆ ಹೋಗುವುದು ಲಕ್ಷಾಂತರ ಟನ್. 357 ಡಿಗ್ರಿಗೇ ಕುದಿಯುವ ಲೋಹ 1,450 ಡಿಗ್ರಿ ಕಾವಿನಲ್ಲಿ ಎಲ್ಲಿ ನಿಂತೀತು?

ಹಾಗೆಂದು ಎಲ್ಲವೂ ಆಗಲೇ ಹೊರಬೀಳುವುದಿಲ್ಲ. ಕಲ್ಲು ಅರೆಯುವ ರಾ ಮಿಲ್ ನಡೆಯುವಾಗ ಕುಲುಮೆಯ ಹೊಗೆ ಆ ಪುಡಿಯ ನಡುವೆ ಹಾಯ್ದು ತಣ್ಣಗಾಗುತ್ತದೆ. ಪಾದರಸದ ಬಹುಭಾಗ ಪುಡಿಗೆ ಅಂಟುತ್ತದೆ, ಪುಡಿ ಮತ್ತೆ ಕುಲುಮೆಗೇ ಹೋಗುತ್ತದೆ. ಹೀಗೆ ಸುತ್ತುತ್ತ ಒಳಗೇ ಕೂಡುತ್ತದೆ. ದುರಸ್ತಿಗೆಂದು ಮಿಲ್ ನಿಲ್ಲಿಸಿದಾಗ ಬಿಸಿ ಹೊಗೆ ಪುಡಿಯ ನಡುವೆ ಹಾಯದೆ ಚಿಮಣಿಯತ್ತ ಹೋಗಿ, ಕೂಡಿಟ್ಟದ್ದನ್ನು ಹೊತ್ತೊಯ್ಯುತ್ತದೆ. ಮಿಲ್ ನಡೆಯುತ್ತಿದ್ದ ದಿನ ಅಳೆದ ಅಂಕಿ ಅರ್ಧಸತ್ಯ. ಉಪಾಯವಿದೆ: ಮಿಲ್ ನಿಂತಾಗ ಫಿಲ್ಟರಿಗೆ ಸಿಕ್ಕ ದೂಳನ್ನು ಕುಲುಮೆಗೆ ಹಿಂದಿರುಗಿಸದೆ ಬೇರೆ ತೆಗೆಯುವುದು.

2015ರಲ್ಲಿ ಮನುಷ್ಯರ ಕೆಲಸಗಳಿಂದ ಜಗತ್ತಿನ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜಿಸಿದೆ. ಅದರಲ್ಲಿ ಸಿಮೆಂಟಿನ ಪಾಲು ಶೇ 11ರಷ್ಟು. ಈ ಆವಿ ತಿಂಗಳುಗಟ್ಟಲೆ ತೇಲಬಲ್ಲದು. ಇದೇ ಜಿಲ್ಲೆಯ, ಕೆಂಬಾಳೆಗೆ ಹೆಸರಾದ ಕಮಲಾಪುರದ ಆಕಾಶಕ್ಕೆ ಬೇರೆ ಬೇಲಿಯೇನೂ ಇಲ್ಲ. ಮಳೆಯೊಂದಿಗೆ ಇಳಿದದ್ದು ಕೆರೆಯ ಹೂಳಿನಲ್ಲಿ ಸೂಕ್ಷ್ಮಜೀವಿಗಳಿಂದ ಮೀಥೈಲ್ ಪಾದರಸವಾಗುತ್ತದೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೆಚ್ಚುತ್ತ ಹೋಗಿ ಗರ್ಭದ ಕೂಸಿನ ಮಿದುಳಿಗೂ ತಲುಪಬಲ್ಲದು. ಜಪಾನಿನ ಕಡಲೂರು ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗದ ಮೂಲ ಇದೇ ವಿಷ. ಅಲ್ಲಿ ಅದನ್ನು ಕಾರ್ಖಾನೆಯೊಂದು ನೇರ ಸಮುದ್ರಕ್ಕೆ ಬಿಟ್ಟಿತ್ತು.

ಆ ಊರಿನ ಹೆಸರಿನ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಸಿಮೆಂಟ್ ಕುಲುಮೆಗಳನ್ನು ಅದು ಹೆಸರಿಸಿಯೇ ಹೇಳುತ್ತದೆ. ಆದರೆ ನಮ್ಮ 2009ರ ಗಾಳಿ ಮಾನದಂಡದ 12 ವಸ್ತುಗಳಲ್ಲಿ ಪಾದರಸವಿಲ್ಲ. ಗಾಳಿ ಗುಣಮಟ್ಟ ಸೂಚ್ಯಂಕ ಹಸಿರು ತೋರಿಸಿದ ದಿನವೂ ಅದರ ಸುದ್ದಿ ನಮಗೆ ತಿಳಿಯುವುದಿಲ್ಲ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಚಿಮಣಿಯ ಪಾದರಸವನ್ನು ಮಿಲ್ ನಡೆದಾಗ ಒಮ್ಮೆ, ನಿಂತಾಗ ಒಮ್ಮೆ ಅಳೆದು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಲಿ. ಸೇಡಂನಿಂದ ಕಮಲಾಪುರದವರೆಗೆ ಕೆರೆಗಳ ಹೂಳು, ಮೀನು ಪರೀಕ್ಷೆಯಾಗಲಿ.