‘ಬೇಡ’ ಎನ್ನಬಲ್ಲ ಪರೀಕ್ಷೆ

ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ. 1961ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಹಾರಿದ ಚಿನೂಕ್ ಹೆಲಿಕಾಪ್ಟರಿಗೆ ಮಾತ್ರ ಆ ಭಾಗ್ಯ ಇನ್ನೂ ಒದಗಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಫಿರಂಗಿಗಳನ್ನು ಬೆಟ್ಟದ ನೆತ್ತಿಗೆ ಹೊತ್ತೊಯ್ದ ಈ ಅವಳಿ ರೋಟರ್‌ಗಳ ಯಂತ್ರ ಇಂದಿಗೂ ಅಮೆರಿಕದ ಭೂಸೇನೆಗೆ ಭಾರ ಹೊರುವ ಮುಖ್ಯ ಆಸರೆ. ‘ಎ’, ‘ಬಿ’, ‘ಸಿ’ ಮಾದರಿಗಳನ್ನೇ ಕಳಚಿ ಮರುನಿರ್ಮಿಸಿ 1980ರ ದಶಕದಲ್ಲಿ ‘ಡಿ’ ಮಾದರಿಯನ್ನು ರೂಪಿಸಲಾಯಿತು. ಆನಂತರ ಬಂದ ‘ಎಫ್’ ಮಾದರಿಗೆ ಈಗ ‘ಬ್ಲಾಕ್ 2’ ಎಂಬ ಉನ್ನತೀಕರಣ.

ಇದರ ಅಗತ್ಯ ಸ್ಪಷ್ಟ. ಸೇನೆಯ ವಾಹನ, ಶಸ್ತ್ರಾಸ್ತ್ರಗಳ ತೂಕ ಏರುತ್ತಲೇ ಇದೆ. ಬಿಸಿಲು ಮತ್ತು ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ರೋಟರ್‌ಗಳ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಬ್ಲಾಕ್ 2ರಲ್ಲಿ ಒಡಲನ್ನು ಬಲಪಡಿಸಿ, ಇಂಧನ ಟ್ಯಾಂಕುಗಳನ್ನು ಮರುವಿನ್ಯಾಸಗೊಳಿಸಿ, ಹಾರಾಟದ ಗರಿಷ್ಠ ಒಟ್ಟು ತೂಕವನ್ನು ಸುಮಾರು 22.7 ಟನ್‌ನಿಂದ 24.5 ಟನ್‌ಗೆ ಏರಿಸಲಾಗಿದೆ.

ಆದರೆ ಈ ಯೋಜನೆಯ ಪ್ರಮುಖ ಆಕರ್ಷಣೆಯಾಗಿದ್ದ ಹೊಸ ವಿನ್ಯಾಸದ ರೋಟರ್ ಬ್ಲೇಡ್ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇನ್ನಷ್ಟು ಭಾರ ಎತ್ತುವ ಭರವಸೆ ಹೊತ್ತಿದ್ದ ಅದು ಹಾರಾಟದಲ್ಲಿ ವಿಪರೀತ ಕಂಪನ ಉಂಟುಮಾಡಿತು. ಸೇನೆ ಅದನ್ನು ಕೈಬಿಟ್ಟು ಹಳೆಯ ಬ್ಲೇಡನ್ನೇ ಉಳಿಸಿಕೊಂಡಿತು. ಮೊದಲ ಬ್ಲಾಕ್ 2 ಹೆಲಿಕಾಪ್ಟರ್ 2024ರಲ್ಲಿ ಸೇನೆಯ ಕೈಸೇರಿದ್ದು ಹೀಗೆ. ವರ್ಷಗಳ ಶ್ರಮ ಮತ್ತು ಹಣ ವ್ಯರ್ಥವಾಯಿತೆಂದು ಕೆಲವರು ಹೇಳಬಹುದು. ಕಂಪನವೆಂಬುದು ಲೋಹದಲ್ಲಿ ಬಿರುಕನ್ನೂ ಚಾಲಕರಲ್ಲಿ ದಣಿವನ್ನೂ ತರುವ ಪೀಡೆ. ಅದು ಯುದ್ಧಭೂಮಿಯಲ್ಲಿ ಪ್ರಕಟವಾಗುವ ಮೊದಲೇ ‘ಬೇಡ’ ಎಂದ ಪರೀಕ್ಷೆ ಸಾರ್ಥಕವೇ ಸರಿ.

ಬಿಡಿಭಾಗಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2022ರ ಆಗಸ್ಟ್‌ನಲ್ಲಿ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡ ಕೆಲವು ಪ್ರಕರಣಗಳ ನಂತರ ಅಮೆರಿಕದ ಸೇನೆ ಸುಮಾರು 400 ಚಿನೂಕ್‌ಗಳ ಹಾರಾಟ ನಿಲ್ಲಿಸಿತು. ಸಂಶಯದ ಮೂಲ, ಇಂಧನ ಸೋರದಂತೆ ತಡೆಯಬೇಕಾದ ಪುಟ್ಟ ಉಂಗುರ!

ಈ ಪಾಠ ನಮಗೂ ಸಲ್ಲುತ್ತದೆ. 1986ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದ ಸೋವಿಯತ್ ನಿರ್ಮಿತ ಎಂಐ-26, ಚಿನೂಕ್‌ಗಿಂತಲೂ ದೊಡ್ಡ ದೈತ್ಯ. ಬೆರಳೆಣಿಕೆಯಷ್ಟಿದ್ದ ಅವು ಕೂಲಂಕಷ ದುರಸ್ತಿಗೆ ಕಾಯುತ್ತ ನೆಲ ಹಿಡಿದವು. 2019ರ ಮಾರ್ಚ್‌ನಲ್ಲಿ ಚಂಡೀಗಢದಲ್ಲಿ ಚಿನೂಕ್‌ಗಳು ಸೇವೆಗೆ ಸೇರಿದವು. ಖರೀದಿಸಿದ್ದು ಒಟ್ಟು 15. ಹಿಮಾಲಯದ ಗಡಿಗೆ ಫಿರಂಗಿ, ರಸ್ತೆ ನಿರ್ಮಾಣದ ಯಂತ್ರಗಳನ್ನು ಸಾಗಿಸಬೇಕಾದವು ಇವೇ.

ಖರೀದಿಯ ದಿನ ನಮ್ಮಲ್ಲಿ ಸಂಭ್ರಮಕ್ಕೆ ಕೊರತೆಯಿಲ್ಲ. ಆದರೆ ಇಂಥ ಯಂತ್ರದ ಆಯುಷ್ಯ ನಿರ್ಧಾರವಾಗುವುದು ಆನಂತರದ ದಶಕಗಳಲ್ಲಿ. ಬಿಡಿಭಾಗ, ದುರಸ್ತಿ, ಮರುಪರೀಕ್ಷೆಗಳಿಗೆ ಇಂದೇ ಹಣ ತೆಗೆದಿರಿಸಬೇಕು. ನ್ಯೂನತೆ ಕಂಡಾಗ ‘ಬೇಡ’ ಎನ್ನುವ ಪರೀಕ್ಷಕನ ಮಾತಿಗೆ ಬೆಲೆ ಕೊಡಬೇಕು. ಅದರೊಳಗೆ ಕುಳಿತು ಗಡಿಗೆ ಹೊರಡುವ ಯೋಧನಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣವಿದು.