ನಾ ಕಲಘಟಗಿಯಾಕಿ

ಸೋಮವಾರ ಮುಂಜಾನೆ ಕಲಘಟಗಿ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಿಗೆ ಹೊರಟವರ ದಂಡು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಚೀಲ, ಟವೆಲ್ಲು, ನೋಟ್‌ಬುಕ್ಕು ಬೀಳುತ್ತವೆ. ವಾರದ ರಜೆ ಮುಗಿಸಿ ಹಾಸ್ಟೆಲ್ಲಿಗೆ ಮರಳುತ್ತಿರುವ ಸಿದ್ದಿ ಹುಡುಗಿಯೊಬ್ಬಳು ಗುಂಗುರು ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡಿದ್ದಾಳೆ. "ಆಧಾರ್ ತೋರಸವ್ವಾ" ಎನ್ನುತ್ತಾನೆ ಕಂಡಕ್ಟರ್. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಟ್ಟು ಮುಂದೆ ಸಾಗುತ್ತಾನೆ. ಅವನಿಗೆ ಅವಳು ದಿನವೂ ಕಾಣುವ ಹುಡುಗಿಯರಂತೆಯೇ ಒಬ್ಬಳು.

ಪಕ್ಕದಲ್ಲಿ ಕುಳಿತ ಪರವೂರಿನವರು ಮಾತ್ರ ಅವಳನ್ನು ಹಿಂದಿಯಲ್ಲಿ ಮಾತಾಡಿಸುತ್ತಾರೆ. ಯಾವ ದೇಶ ಎಂದು ಕೇಳುತ್ತಾರೆ.

"ನಾ ಕಲಘಟಗಿಯಾಕಿ ರೀ."

"ಅಲ್ಲವಾ, ಮೊದಲ ಎಲ್ಲ್ಯಾವ್ರು?"

ಈ ಎರಡನೆಯ ಪ್ರಶ್ನೆಯೇ ನೋಯಿಸುವುದು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಹೊಕ್ಕವರು ಅವಳ ಹಿರಿಯರಲ್ಲಿದ್ದಾರೆ. ಅದಾಗಿ ಶತಮಾನಗಳೇ ಕಳೆದಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಖಾನಾಪುರ, ಕಲಘಟಗಿಯ ಕಾಡಂಚಿನಲ್ಲಿ ಬೇರುಬಿಟ್ಟ ಈ ಸಿದ್ದಿ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯೋ ಉರ್ದುವೋ, ಬೀದಿಗಿಳಿದರೆ ಅಚ್ಚ ಕನ್ನಡ.

ಕಾಲೇಜಿನಲ್ಲಿ ಪ್ರಶ್ನೆಗಳು ಬೇರೆ ವೇಷ ತೊಡುತ್ತವೆ. ಕ್ರೀಡಾಕೂಟ ಬಂದರೆ ಓಟಕ್ಕೆ ಅವಳ ಹೆಸರು ಕೇಳದೆಯೇ ಸೇರುತ್ತದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ನಿಲ್ಲಿಸಿಯೂ ಬಿಟ್ಟಿತು. ಯೋಜನೆ ಹೋಯಿತು, ಸಿದ್ದಿ ಎಂದರೆ ಓಡಬೇಕು ಎಂಬ ನಂಬಿಕೆ ಉಳಿಯಿತು. ಗ್ಯಾದರಿಂಗ್ ಬಂದರೆ ಡಮಾಮಿ ಬಾರಿಸಿ ಕುಣಿಯಬೇಕು. ಡಮಾಮಿ ಅವಳಿಗೆ ಪ್ರಾಣ, ಊರಿನಲ್ಲಿ ಅದರ ಸದ್ದಿಗೆ ಕಾಲು ತಾನಾಗಿ ಏಳುತ್ತದೆ. ಆದರೆ ಅವಳು ಹೆಸರು ಕೊಡಬೇಕೆಂದಿದ್ದದ್ದು ಚರ್ಚಾಸ್ಪರ್ಧೆಗೆ. ಅದನ್ನು ಕೇಳುವ ತಾಳ್ಮೆ ಇರಬೇಕಾದದ್ದು ನಮಗೆ.

ಸರ್ಕಾರದ ಕಾಗದವೂ ಇವರನ್ನು ಬಹುಕಾಲ ಸತಾಯಿಸಿತು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು ಉತ್ತರ ಕನ್ನಡದ ಸಿದ್ದಿಗಳಿಗೆ ಮಾತ್ರ. ಅದೇ ಕಾಡು, ಅದೇ ಕುಲ, ಅದೇ ಬಡತನ. ಯಲ್ಲಾಪುರಕ್ಕೆ ಮದುವೆಯಾಗಿ ಹೋದ ಚಿಗವ್ವನ ಊರಿನ ಮಕ್ಕಳಿಗೆ ಪಂಗಡದ ವಿದ್ಯಾರ್ಥಿವೇತನ, ಜಿಲ್ಲೆಯ ಗಡಿಯ ಈಚೆ ಹುಟ್ಟಿದವರಿಗೆ ಇರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಲು 2020ರ ತಿದ್ದುಪಡಿಯೇ ಬೇಕಾಯಿತು. ನಡುವಿನ ಆ ವರ್ಷಗಳಲ್ಲಿ ಪಿಯುಸಿಗೇ ಓದು ಬಿಟ್ಟು ಕೂಲಿಗೆ ನಡೆದ ಅಕ್ಕ, ಅಣ್ಣಂದಿರಿಗೆ ಆ ಕಾಲವನ್ನು ಮರಳಿ ಕೊಡುವವರಿಲ್ಲ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದೂ 2020ರಲ್ಲೇ. ತಮ್ಮ ಕುಲದವರೊಬ್ಬರು ಶಾಸನಸಭೆಯಲ್ಲಿ ಕುಳಿತದ್ದನ್ನು ಈ ಮಕ್ಕಳು ಅಂದು ಮೊದಲ ಬಾರಿ ಕಂಡರು.

ಹಾಸ್ಟೆಲ್ ಕೋಣೆ ಬಸ್ಸಿಗಿಂತ ಹಿತವಾಗಿದೆ. ನವಲಗುಂದದಾಕಿಯ ಡಬ್ಬಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಅಣ್ಣಿಗೇರಿಯಾಕಿಗೆ ಪಂಪನ ಊರಿನವಳೆಂಬ ಹೆಮ್ಮೆ, ಕುಂದಗೋಳದಾಕಿಗೆ ಸವಾಯಿ ಗಂಧರ್ವರ ಊರಿನವಳೆಂಬ ಹೆಮ್ಮೆ. ಎರೆನೆಲದ ಇವರಿಗೆ ಮಳೆ ಎಂದರೆ ಕಾಯುವ ವಸ್ತು; ಕಲಘಟಗಿಯಾಕಿಗೆ ಅದು ಹೆಂಚಿನ ಮೇಲೆ ತಿಂಗಳುಗಟ್ಟಲೆ ಸುರಿಯುವಂಥದ್ದು. ಅವಳು ಹೊದೆಯುವುದು ಅಜ್ಜಿ ಹಳೆಯ ಸೀರೆಗಳಿಂದ ಹೊಲಿದ ಕೌದಿ. "ನಮ್ಮಾಯಿನೂ ಹಿಂಗಽ ಹೊಲಿತಿದ್ಲು ನೋಡ" ಎಂದು ನವಲಗುಂದದಾಕಿ ಹೊಲಿಗೆಯ ಮೇಲೆ ಬೆರಳಾಡಿಸುತ್ತಾಳೆ. ಯಾರು ಎಲ್ಲಿಂದ ಬಂದರೆಂಬ ವಿಚಾರಣೆ ಆ ಕೋಣೆಯಲ್ಲಿ ನಡೆಯುವುದಿಲ್ಲ.

ಸಂಜೆ ಮನೆಯಿಂದ ಫೋನು. ತಮ್ಮನಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕಿದೆ. ನಾಡಕಚೇರಿಯಿಂದ ತಂದ ಜಾತಿ, ಆದಾಯದ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಓದಿ ಹೇಳು, ನಾಳೆಗೆ ತಳ್ಳಬೇಡ ಎಂದು ಅವಳು ತಮ್ಮನನ್ನು ಕೊಂಕಣಿಯಲ್ಲಿ ಗದರುತ್ತಾಳೆ. ನಂಬರನ್ನು ಎರಡು ಸಲ ಓದಿಸಿ ಬರೆದುಕೊಳ್ಳಲು ಕೈಗೆ ಏನೂ ಸಿಗುವುದಿಲ್ಲ. ಫೋನು ಕಿವಿಗಿಟ್ಟುಕೊಂಡೇ ತಿರುಗಿ ಕೂಗುತ್ತಾಳೆ: "ಏಯ್, ಯಾರರ ಒಂದು ಪೆನ್ನು ಕೊಡ್ರೇ, ಲಗೂನ!"