ಹ್ಯಾಂಗ್ ಆಗುವ ಮೊದಲೇ ಹಿಡಿಯಬೇಕಾದ ದೋಷ

ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರಿ, ಹನೂರಿನ ಬಸ್ ನಿಲ್ದಾಣದಲ್ಲಿ ನಿಂತ ವಿದ್ಯಾರ್ಥಿನಿ, ಯಳಂದೂರಿನ ಭತ್ತದ ರೈತ, ಯಾರ ಕೈಯ ಆಂಡ್ರಾಯ್ಡ್ ಫೋನನ್ನು ನೋಡಿದರೂ ಅದರ ತಳದಲ್ಲಿರುವುದು ಲಿನಕ್ಸ್ ಎಂಬ ಕರ್ನಲ್, ಅಂದರೆ ಯಂತ್ರಾಂಶಕ್ಕೂ ಆ್ಯಪ್‌ಗಳಿಗೂ ನಡುವೆ ನಿಂತ ಮೂಲ ತಂತ್ರಾಂಶ. ಫೋನ್ ಹ್ಯಾಂಗ್ ಆದರೆ ನಾವು ಆಫ್ ಮಾಡಿ ಆನ್ ಮಾಡುತ್ತೇವೆ, ಸರಿಹೋಯಿತೆಂದು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಎಲ್ಲ ಹ್ಯಾಂಗಿಗೂ ಕಾರಣ ಒಂದೇ ಅಲ್ಲ. ಮೆಮೊರಿ ತುಂಬಿರಬಹುದು, ಯಾವುದೋ ಆ್ಯಪ್ ಕೆಟ್ಟಿರಬಹುದು. ಆದರೆ ಅವುಗಳಲ್ಲಿ ಡೆಡ್‌ಲಾಕ್ ಎಂಬ ಒಂದು ಬಗೆಯಿದೆ. ರೀಸ್ಟಾರ್ಟ್ ಅದಕ್ಕೆ ಮದ್ದಲ್ಲ, ಅದು ಕಾಯಿಲೆಯ ಗುರುತನ್ನೇ ಒರೆಸಿಹಾಕುತ್ತದೆ. ಡೆಡ್‌ಲಾಕ್ ಆದ ಮೇಲೆ ಬಿಡಿಸುವುದಕ್ಕಿಂತ, ಅದು ಆಗಬಹುದಾದ ದಾರಿಯನ್ನು ಮೊದಲೇ ಪತ್ತೆಹಚ್ಚಿ ಮುಚ್ಚುವುದೇ ನಿಜವಾದ ದುರಸ್ತಿ ಎಂಬುದು ನನ್ನ ವಾದ.

ಕರ್ನಲ್ ಒಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ತಿದ್ದಿ ಕೆಡಿಸಬಾರದೆಂದು ಅದಕ್ಕೊಂದು ಲಾಕ್ ಇರುತ್ತದೆ. ಹಿಡಿದವರು ಬಿಡುವ ತನಕ ಉಳಿದವರು ಕಾಯಬೇಕು. ಒಂದು ಕೆಲಸ ಮೊದಲ ಲಾಕ್ ಹಿಡಿದು ಎರಡನೆಯದಕ್ಕೆ ಕಾಯುವಾಗ, ಇನ್ನೊಂದು ಕೆಲಸ ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾದರೆ ಇಬ್ಬರೂ ಎಂದೆಂದಿಗೂ ಕಾಯುತ್ತಲೇ ಇರುತ್ತಾರೆ. ಇದೇ ಡೆಡ್‌ಲಾಕ್. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹತ್ತುವ ಘಾಟಿಯ ಕಡಿದಾದ ತಿರುವಿನಲ್ಲಿ ಎದುರುಬದುರು ಸಿಕ್ಕಿಕೊಂಡ ಎರಡು ಬಸ್ಸುಗಳ ಸ್ಥಿತಿ ಇದು: ಒಬ್ಬರಿಗೆ ಬೇಕಾದ ಜಾಗದಲ್ಲಿ ಇನ್ನೊಬ್ಬರು ನಿಂತಿದ್ದಾರೆ, ಹಿಂದೆ ವಾಹನಗಳ ಸಾಲಿರುವುದರಿಂದ ಯಾರೂ ಸರಿಯಲಾರರು. 1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಇದಕ್ಕೆ ನಾಲ್ಕು ಷರತ್ತುಗಳನ್ನು ಗುರುತಿಸಿದರು. ವಸ್ತು ಒಂದು ಹೊತ್ತಿಗೆ ಒಬ್ಬರಿಗೇ ಸಲ್ಲಬೇಕು, ಕೈಯಲ್ಲಿದ್ದುದನ್ನು ಬಿಡದೆ ಇನ್ನೊಂದಕ್ಕೆ ಕಾಯಬೇಕು, ಬಲವಂತವಾಗಿ ಕಿತ್ತುಕೊಳ್ಳುವಂತಿರಬಾರದು, ಕಾಯುವವರ ಸರಪಳಿ ಸುತ್ತು ಬರಬೇಕು. ನಾಲ್ಕರಲ್ಲಿ ಒಂದನ್ನು ಮುರಿದರೂ ಡೆಡ್‌ಲಾಕ್ ಆಗದು. ಕರ್ನಲ್ ಬರೆಯುವವರು ಸಾಮಾನ್ಯವಾಗಿ ಮುರಿಯುವುದು ಕೊನೆಯದನ್ನು: ಎಲ್ಲರೂ ಲಾಕ್‌ಗಳನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕೆಂಬ ನಿಯಮದಿಂದ.

ಸಿಕ್ಕಿಕೊಂಡ ಮೇಲೆ ರೋಗ ಗುರುತಿಸುವ ಸಾಧನಗಳು ಇಲ್ಲದಿಲ್ಲ. ಒಂದು ಕೆಲಸ 120 ಸೆಕೆಂಡು ಅಲುಗಾಡದೆ ಕಾದಿದ್ದರೆ, ಇಂಥದ್ದನ್ನು ಗಮನಿಸುವ ಕಾವಲು ಚಾಲ್ತಿಯಲ್ಲಿರುವ ಲಿನಕ್ಸ್ ಯಂತ್ರ ತಾನೇ ಎಚ್ಚರಿಕೆ ಬರೆದು, ಆ ಕೆಲಸ ಯಾವ ಸಾಲಿನಲ್ಲಿ ನಿಂತಿದೆ ಎಂಬುದನ್ನೂ ತೋರಿಸುತ್ತದೆ. ಕುಸಿದ ಯಂತ್ರದ ಮೆಮೊರಿಯನ್ನು ಕೆಡಂಪ್ ಎಂಬ ಸಾಧನದ ಮೂಲಕ ಉಳಿಸಿಕೊಂಡು ಆಮೇಲೆ ಪರೀಕ್ಷಿಸಬಹುದು. ಆದರೆ ಎರಡು ಕೆಲಸಗಳು ಕಣ್ಣೆವೆ ಇಕ್ಕುವಷ್ಟು ಹೊತ್ತಿನಲ್ಲಿ ಹಿಂದುಮುಂದಾದಾಗ ಮಾತ್ರ ಡೆಡ್‌ಲಾಕ್ ಆಗುವುದು. ಲಕ್ಷ ಸಲ ಚೆನ್ನಾಗಿ ನಡೆದದ್ದು ಒಮ್ಮೆ ನಿಂತುಬಿಡುತ್ತದೆ, ಮತ್ತೆ ಮಾಡಿ ತೋರಿಸು ಎಂದರೆ ತೋರಿಸದು. ಹಾಗಾಗಿ ಆದ ಮೇಲೆ ಹುಡುಕುವವರು ಯಾವಾಗಲೂ ತಡವಾಗಿ ಬಂದವರೇ.

ದಾರಿಯನ್ನು ಮೊದಲೇ ಮುಚ್ಚುವುದು ಹೇಗೆಂಬುದನ್ನು 2014ರ ಒಂದು ದುರಸ್ತಿ ಚೆನ್ನಾಗಿ ತೋರಿಸುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಪ್ರೊಸೆಸರ್ ಕೋರ್‌ಗಳನ್ನು ಆಫ್ ಮಾಡಿ ಆನ್ ಮಾಡುವ ವ್ಯವಸ್ಥೆ ಕರ್ನಲ್‌ನಲ್ಲಿದೆ. ಅದಕ್ಕೆ ಎರಡು ಲಾಕ್‌ಗಳಿದ್ದವು. ಕೋರ್ ಆನ್ ಮಾಡುವ ದಾರಿ ಮೊದಲು ಹೊರಗಿನದನ್ನು, ಆಮೇಲೆ ಒಳಗಿನದನ್ನು ಹಿಡಿಯುತ್ತಿತ್ತು. ಕರ್ನಲ್‌ನ ಹಲವು ಭಾಗಗಳು ಮಾತ್ರ ತಮ್ಮ ಸಿದ್ಧತೆ ಮುಗಿಯುವ ತನಕ ಕೋರ್‌ಗಳು ಬದಲಾಗದಿರಲೆಂದು ಮೊದಲು ಒಳಗಿನದನ್ನು ಹಿಡಿದು, ಬಳಿಕ 'ಕೋರ್ ಬದಲಾದರೆ ನನಗೆ ತಿಳಿಸು' ಎಂದು ಹೆಸರು ನೋಂದಾಯಿಸಲು ಹೊರಗಿನದಕ್ಕೆ ಕೈಚಾಚುತ್ತಿದ್ದವು. ಪ್ರತಿಯೊಂದನ್ನೂ ಬಿಡಿಯಾಗಿ ಓದಿದರೆ ತಪ್ಪು ಕಾಣದು. ಜೋಡಿಸಿ ನೋಡಿದರೆ ಸುತ್ತು ಪೂರ್ಣವಾಗುತ್ತದೆ. ಆಗ ಐಬಿಎಂನಲ್ಲಿದ್ದ ಶ್ರೀವತ್ಸ ಎಸ್. ಭಟ್ ಇದನ್ನು ಸರಿಪಡಿಸಿದರು. ಹೊರಗಿನ ಲಾಕ್ ಒಂದನ್ನು ಹಿಡಿದರೇ ಕೋರ್‌ಗಳು ಬದಲಾಗುವುದು ನಿಲ್ಲುತ್ತದೆ, ಆದ್ದರಿಂದ ಸಿದ್ಧತೆ ಮತ್ತು ನೋಂದಣಿ ಎರಡನ್ನೂ ಅದರಡಿಯಲ್ಲೇ ಮುಗಿಸುವ ಹೊಸ ವಿಧಾನ ಕೊಟ್ಟು, ಕರ್ನಲ್‌ನ ಹತ್ತಾರು ಕಡೆ ಬದಲಾಯಿಸಿದರು. ಅದರ ಜೊತೆಗೇ ಗೌತಮ್ ಆರ್. ಶೆಣೈ ಬರೆದ ಇನ್ನೊಂದು ತಿದ್ದುಪಡಿಯೂ ಸೇರಿತು. ನನ್ನ ದೃಷ್ಟಿಯಲ್ಲಿ ಅದರ ತೂಕವೇ ಹೆಚ್ಚು. ಒಳಗಿನ ಲಾಕ್ ಕೈಯಾರೆ ಕಟ್ಟಿದ್ದಾದ್ದರಿಂದ ಅದು ಲಾಕ್‌ಡೆಪ್ ಎಂಬ ಪರೀಕ್ಷಕನ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ತಿದ್ದುಪಡಿ ಅದನ್ನು ಕಾಣಿಸುವಂತೆ ಮಾಡಿತು. ಎರಡೂ ಕರ್ನಲ್‌ನ 3.15ನೇ ಆವೃತ್ತಿಯಲ್ಲಿ ಬಂದವು.

ಲಾಕ್‌ಡೆಪ್ ಅನ್ನು ಇಂಗೋ ಮೋಲ್ನಾರ್ ಬರೆದದ್ದು. ಕರ್ನಲ್‌ಗೆ ಸೇರಿದ್ದು 2006ರಲ್ಲಿ. ಯಾವ ಲಾಕ್ ಹಿಡಿದಿರುವಾಗ ಯಾವುದನ್ನು ಹಿಡಿಯಲಾಯಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಒಮ್ಮೆ ಒಂದು ಕ್ರಮ, ಸಂಜೆ ಒಮ್ಮೆ ಅದರ ತಿರುಗುಮುರುಗು ಕಂಡರೂ ಸಾಕು, ಏನೂ ನಿಲ್ಲದಿದ್ದರೂ ಎಚ್ಚರಿಸುತ್ತದೆ. ಆಗದ ಅಪಘಾತವನ್ನು ಹಿಡಿಯುವ ಸಾಧನ ಇದು.

ಇಷ್ಟೆಲ್ಲ ಯಾಕೆ, ಇಡೀ ಕರ್ನಲ್‌ಗೆ ಒಂದೇ ಲಾಕ್ ಸಾಲದೇ ಎನ್ನಬಹುದು. ಲಿನಕ್ಸ್ 1996ರಲ್ಲಿ ಹಾಗೆಯೇ ಶುರುಮಾಡಿತು. ಕೋರ್‌ಗಳು ಹೆಚ್ಚಿದಂತೆ ಒಬ್ಬರು ಕೆಲಸ ಮಾಡುವಾಗ ಉಳಿದವರೆಲ್ಲ ಸುಮ್ಮನೆ ಕಾಯಬೇಕಾಯಿತು. ಆ ದೊಡ್ಡ ಲಾಕ್‌ನ ಕೊನೆಯ ಚೂರನ್ನು ಕಿತ್ತುಹಾಕುವ ಹೊತ್ತಿಗೆ 2011 ಬಂದಿತ್ತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಪಹಣಿಯಂಥ ದಾಖಲೆಗಳನ್ನಿಡುವ ಡೇಟಾಬೇಸುಗಳು ಡೆಡ್‌ಲಾಕ್ ಕಂಡರೆ ಒಂದು ವ್ಯವಹಾರವನ್ನು ರದ್ದುಮಾಡಿ ಮುಂದೆ ಸಾಗುತ್ತವೆ, ಕರ್ನಲ್ ಯಾಕೆ ಹಾಗೆ ಮಾಡಬಾರದು? ಡೇಟಾಬೇಸ್ ಅರ್ಧ ಮಾಡಿದ್ದನ್ನು ಅಳಿಸಿ ಮೊದಲಿನಂತೆ ಮಾಡಬಲ್ಲದು. ಕರ್ನಲ್ ಅರ್ಧ ತಿದ್ದಿದ ಕಡತದ ಪಟ್ಟಿಗೆ, ಯಂತ್ರಾಂಶಕ್ಕೆ ಆಗಲೇ ಕೊಟ್ಟ ಆಜ್ಞೆಗೆ ಅಂಥ ಹಿಂದಿರುಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಗ್ರಾಫಿಕ್ಸ್ ಭಾಗದಲ್ಲಿ ಹಿಡಿದ ಲಾಕ್ ಬಿಟ್ಟು ಮತ್ತೆ ಪ್ರಯತ್ನಿಸುವ ಏರ್ಪಾಡು ಇದೆ ನಿಜ, ಆದರೆ ಅದು ಅದಕ್ಕೆಂದೇ ಕಟ್ಟಿದ್ದು.

ಲಾಕ್‌ಡೆಪ್ ಯಂತ್ರವನ್ನು ನಿಧಾನಗೊಳಿಸುತ್ತದೆ, ಕೆಲವೊಮ್ಮೆ ನಿರಪರಾಧಿ ಕ್ರಮವನ್ನೂ ದೂರುತ್ತದೆ ಎಂಬುದೂ ಸತ್ಯ. ಅದಕ್ಕೇ ಮಾರುವ ಫೋನಿನಲ್ಲಿ ಅದನ್ನು ಹಾಕುವುದಿಲ್ಲ. ಆದರೆ ಪ್ರಯೋಗಾಲಯದಲ್ಲೂ ಹಾಕದೆ, ಯಂತ್ರಾಂಶ ನಡೆಸುವ ಡ್ರೈವರ್ ಬರೆದು ಮಾರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದರ ದಂಡ ಕಟ್ಟುವವರು ಕೊಂಡವರು. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಹೇಳಬೇಕಾದ್ದು ಇಷ್ಟು: ಲಿನಕ್ಸ್‌ನ ಮೂಲ ಕೋಡ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೇ ಲಾಕ್‌ಡೆಪ್ ಹಾಕಿ ಕರ್ನಲ್ ಕಟ್ಟಬಹುದು. ಪರೀಕ್ಷೆಗೆ ನಾಲ್ಕು ಷರತ್ತುಗಳನ್ನು ಬಾಯಿಪಾಠ ಮಾಡುವ ಮೊದಲು ಎರಡು ಲಾಕ್‌ಗಳನ್ನು ಹಿಂದುಮುಂದಾಗಿ ಹಿಡಿಯುವ ಪುಟ್ಟ ಕರ್ನಲ್ ಮಾಡ್ಯೂಲ್ ಬರೆದು, ಲಾಕ್‌ಡೆಪ್ ಕೊಡುವ ಎಚ್ಚರಿಕೆಯನ್ನು ಸಾಲುಸಾಲಾಗಿ ಓದಿ.